ಮನೆಗಂದಾಯವೂ ಮನೆಯವರ ಮಾತೂ

ಸಂಸ್ಕೃತದಲ್ಲಿ ‘ಕರ’ ಎಂಬ ಶಬ್ದಕ್ಕೆ ಹಲವು ಅರ್ಥಗಳುಂಟು. ಅವುಗಳಲ್ಲಿ ಮೂರು ಮುಖ್ಯವಾದುವು. ಕರವೆಂದರೆ ಕೈ, ಕರವೆಂದರೆ ಸೂರ್ಯನ ಕಿರಣ, ಕರವೆಂದರೆ ಪ್ರಜೆಗಳು ಆಳುವವರಿಗೆ ಸಲ್ಲಿಸತಕ್ಕ ತೆರಿಗೆ. ಈ ಮೂರೂ ಒಂದೇ ಶಬ್ದದಲ್ಲಿ ಕೂಡಿರುವುದನ್ನು ಕಂಡ ನಮ್ಮ ಹಿರಿಯರು ಅದರಿಂದ ಒಂದು ನೀತಿಯನ್ನೇ ತೆಗೆದರು. ಕಿರಣವು ಭೂಮಿಯ ನೀರನ್ನು ಹೀರುವುದು ಮಳೆಯಾಗಿ ಮರಳಿಸುವುದಕ್ಕಾಗಿ. ಅಂತೆಯೇ ತೆರಿಗೆಯನ್ನು ತೆಗೆದುಕೊಳ್ಳುವ ಕೈ ಕೊಡುವ ಕೈಯೂ ಆಗಿರತಕ್ಕದ್ದು. ಈ ಮಾತು ಸೊಗಸಾದುದೇ ಸರಿ. ಆದರೆ ಸೂರ್ಯನಿಗೂ ನಗರಪಾಲಿಕೆಗೂ ಒಂದು ಭೇದವುಂಟು. ‘ನಿನ್ನಿಂದ ಎಷ್ಟು ನೀರನ್ನು ತೆಗೆದುಕೊಳ್ಳಲಿ?’ ಎಂದು ಸೂರ್ಯನು ಕೆರೆಯನ್ನು ಕೇಳುವುದಿಲ್ಲ. ನಗರಪಾಲಿಕೆಯಾದರೋ ಕೇಳಬೇಕಾಗುವುದು, ಕೇಳಿದಾಗ ಉತ್ತರವನ್ನು ಕೊಡುವ ಹೊಣೆ ನಮ್ಮದು.

ನಗರದಲ್ಲಿ ಮನೆಗಂದಾಯದ ಕ್ರಮವನ್ನು ಬದಲಾಯಿಸುವ ಯೋಚನೆ ಬಂದಾಗ ಒಂದು ಕರಡು ಅಧಿಸೂಚನೆ ಹೊರಡುವುದು. ಆಕ್ಷೇಪಣೆಗಳೂ ಸಲಹೆಗಳೂ ಇದ್ದವರು ಇಂತಿಷ್ಟು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂಬ ಒಂದು ವಾಕ್ಯವೂ ಅದರಲ್ಲಿರುವುದು. ಆ ವಾಕ್ಯವನ್ನು ಓದುವವರು ಕೆಲವರು. ಓದಿ ಲೇಖನಿಯನ್ನು ಹಿಡಿಯುವವರು ಇನ್ನೂ ಕೆಲವರು. ಅವಧಿ ಕಳೆದು ಹೊಸ ಕಂದಾಯವನ್ನು ಕಟ್ಟುವ ದಿನ ಬಂದ ಮೇಲೆ ಮಾತ್ರ ಜಗಲಿಯಲ್ಲಿಯೂ, ತರಕಾರಿಯ ಅಂಗಡಿಯಲ್ಲಿಯೂ, ಮದುವೆಯ ಮನೆಯ ಪಂಕ್ತಿಯಲ್ಲಿಯೂ ಆಕ್ಷೇಪಣೆಗಳು ಧಾರಾಳವಾಗಿ ಕೇಳಬರುವುವು. ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ. ಕಂದಾಯವು ಹೆಚ್ಚಬೇಕೋ ಬೇಡವೋ ಎಂಬುದನ್ನು ಇಲ್ಲಿ ತೀರ್ಮಾನಿಸಹೊರಟಿಲ್ಲ. ಗೃಹಸ್ಥನ ಮಾತು ಅಧಿಕಾರಿಯ ಮೇಜಿನ ಮೇಲೆ ನಿಲ್ಲಬೇಕಾದರೆ ಅದು ಕೋಪದ ಮಾತಾಗಿರದೆ ಲೆಕ್ಕದ ಮಾತಾಗಿರಬೇಕು ಎಂಬುದನ್ನು, ನಮ್ಮ ಬೆಂಗಳೂರಿನ ನಿದರ್ಶನದಿಂದ ತೋರಿಸುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ಈ ಕಂದಾಯವು ಯಾರಿಗೆ, ಯಾತಕ್ಕೆ ಸಲ್ಲುವುದೆಂಬುದನ್ನು ತಿಳಿಯಬೇಕು. ಬೆಂಗಳೂರಿನ ಪೇಟೆಗೂ ದಂಡಿಗೂ ಬೇರೆ ಬೇರೆ ಮುನಿಸಿಪಲ್ ಮಂಡಲಿಗಳು ಏರ್ಪಟ್ಟುದು 1862ರಲ್ಲಿ. ಅವೆರಡೂ ಕೂಡಿ ಒಂದೇ ಕಾರ್ಪೊರೇಷನ್ ಆದುದು 1949ರಲ್ಲಿ. 2007ರಲ್ಲಿ ಸುತ್ತಲಿನ ಏಳು ನಗರಸಭೆಗಳೂ, ಒಂದು ಪುರಸಭೆಯೂ, 110 ಹಳ್ಳಿಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಆ ಒಂದು ಪಾಲಿಕೆ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರಪಾಲಿಕೆಗಳು ಬಂದುವು. ಹೆಸರು ಎಷ್ಟು ಸಲ ಬದಲಾದರೂ ಕೆಲಸ ಹಳೆಯದೇ: ಬೀದಿ, ಮಳೆನೀರಿನ ಚರಂಡಿ, ಬೀದಿಯ ದೀಪ, ಕಸದ ವಿಲೇವಾರಿ, ಉದ್ಯಾನ, ಆರೋಗ್ಯ, ಇವು ಪಾಲಿಕೆಗೆ ಸೇರಿದುವು.

ಕುಡಿಯುವ ನೀರೂ ಒಳಚರಂಡಿಯೂ ಪಾಲಿಕೆಯವಲ್ಲ. ಅವುಗಳಿಗಾಗಿ 1964ರಲ್ಲಿಯೇ ಪ್ರತ್ಯೇಕವಾದ ಜಲಮಂಡಳಿ ಏರ್ಪಟ್ಟಿತು. ಅದರ ಬಿಲ್ಲು ಬೇರೆ. ಮನೆಯ ವಿದ್ಯುತ್ತು ಮತ್ತೊಂದು ಸಂಸ್ಥೆಯದು. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವುಂಟು. ‘ನಮ್ಮ ನಲ್ಲಿಯಲ್ಲಿ ಮೂರು ದಿನಗಳಿಂದ ನೀರಿಲ್ಲ, ಆದುದರಿಂದ ಕಂದಾಯವನ್ನು ಹೆಚ್ಚಿಸಕೂಡದು’ ಎಂದು ಬರೆದ ಕಾಗದವು ಸತ್ಯವೇ ಆಗಿದ್ದರೂ ತಪ್ಪಿದ ಬಾಗಿಲನ್ನು ತಟ್ಟಿದಂತಾಗುವುದು. ಅದನ್ನು ಓದಿದ ಗುಮಾಸ್ತನು ‘ಇದು ನಮಗೆ ಸಂಬಂಧಿಸಿದುದಲ್ಲ’ ಎಂದು ಒಂದೇ ಗೆರೆಯಲ್ಲಿ ಮುಗಿಸಿಬಿಡಬಹುದು.

ಇನ್ನು ಕಂದಾಯವನ್ನು ಕಟ್ಟುವ ಕ್ರಮ. ಹಿಂದೆ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದೆಂದು ಊಹಿಸಿ ಅದರ ಮೇಲೆ ತೆರಿಗೆಯನ್ನು ಗೊತ್ತುಮಾಡುತ್ತಿದ್ದರು. ಊಹಿಸತಕ್ಕವನು ಅಧಿಕಾರಿ. ಅವನ ಊಹೆಯು ಒಂದು ಮನೆಯಲ್ಲಿ ಒಂದು ವಿಧವಾಗಿಯೂ ಪಕ್ಕದ ಮನೆಯಲ್ಲಿ ಇನ್ನೊಂದು ವಿಧವಾಗಿಯೂ ಇರುವುದಕ್ಕೆ ಆಸ್ಪದವಿದ್ದಿತು. 2000ದಲ್ಲಿ ಸ್ವಯಂ ನಿರ್ಧಾರದ ಪದ್ಧತಿ ಬಂದಿತು. ಮನೆಯೊಡೆಯನೇ ತನ್ನ ಮನೆಯ ವಿಸ್ತೀರ್ಣವನ್ನೂ ಬಳಕೆಯನ್ನೂ ಬರೆದು, ತಾನೇ ಲೆಕ್ಕಹಾಕಿ, ತಾನೇ ಹಣವನ್ನು ಕಟ್ಟತಕ್ಕದ್ದು. ಆ ಮೇಲೆ ನೆಲದ ಹಾಗೂ ಕಟ್ಟಡದ ಬೆಲೆಯ ಮೇಲೆಯೇ ಕಂದಾಯವನ್ನು ಹಾಕಬೇಕೆಂಬ ಯೋಚನೆಯು ಬಂದು ಬಡಾವಣೆಗಳ ಜನರ ವಿರೋಧಕ್ಕೆ ಗುರಿಯಾಯಿತು. ಕೊನೆಗೆ 2008ರಲ್ಲಿ ನಿಂತುದು ಘಟಕ ವಿಸ್ತೀರ್ಣದ ಪದ್ಧತಿ. ನಗರವನ್ನು ನೆಲದ ಬೆಲೆಗೆ ಅನುಸಾರವಾಗಿ ಆರು ವಲಯಗಳನ್ನಾಗಿ ಮಾಡಿ, ಒಂದೊಂದು ವಲಯದಲ್ಲಿ ಒಂದೊಂದು ಬಗೆಯ ಕಟ್ಟಡಕ್ಕೆ ಚದರ ಅಡಿಗೆ ತಿಂಗಳಿಗೆ ಇಷ್ಟೆಂದು ದರವನ್ನು ಗೊತ್ತುಮಾಡಿದರು. ಸ್ವಂತವಾಗಿ ವಾಸಿಸುವ ಮನೆಯ ದರವು ಬಾಡಿಗೆಗೆ ಕೊಟ್ಟ ಮನೆಯ ದರದ ಅರ್ಧ.

ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಗಣಿತವೆಂದರೆ ಹೆದರುವ ವಾಚಕರೂ ಇದನ್ನು ಬಿಡದೆ ಓದಬೇಕೆಂದು ಪ್ರಾರ್ಥನೆ. ಸ್ವಂತ ವಾಸದ ಮನೆ 1,000 ಚದರ ಅಡಿ. ದರವು ಚದರ ಅಡಿಗೆ ತಿಂಗಳಿಗೆ 2 ರೂಪಾಯಿ ಎಂದು ಇಟ್ಟುಕೊಳ್ಳೋಣ. ತಿಂಗಳಿಗೆ 2,000 ರೂಪಾಯಿ. ಇದನ್ನು ಹನ್ನೆರಡರಿಂದ ಗುಣಿಸದೆ ಹತ್ತರಿಂದ ಗುಣಿಸುವರು. ಎರಡು ತಿಂಗಳ ಮೊತ್ತವನ್ನು ಸುಣ್ಣಬಣ್ಣ, ರಿಪೇರಿಗಳಿಗಾಗಿ ಬಿಟ್ಟಂತೆ. ಆಗ 20,000. ಮನೆಯ ವಯಸ್ಸಿಗೆ ತಕ್ಕಂತೆ ಸವಕಳಿಯನ್ನು ಕಳೆಯುವರು. ಅದು ನೂರಕ್ಕೆ 10 ಎಂದರೆ ಉಳಿದುದು 18,000. ವಾಸದ ಮನೆಗೆ ಇದರಲ್ಲಿ ನೂರಕ್ಕೆ 20ರಂತೆ ಕಂದಾಯ 3,600 ರೂಪಾಯಿ. ಇದರ ಮೇಲೆ ಆರೋಗ್ಯದ ಕರ ನೂರಕ್ಕೆ 15, ಗ್ರಂಥಾಲಯದ ಕರ 6, ಭಿಕ್ಷುಕರ ಪರಿಹಾರದ ಕರ 3, ಒಟ್ಟು 24ರಂತೆ 864 ರೂಪಾಯಿ. ಎಲ್ಲವೂ ಸೇರಿ 4,464 ರೂಪಾಯಿ. ವರ್ಷದ ಮೊದಲಲ್ಲಿಯೇ ಪೂರ್ಣವಾಗಿ ಕಟ್ಟಿದವರಿಗೆ ನೂರಕ್ಕೆ 5ರ ರಿಯಾಯಿತಿಯುಂಟು. ಗ್ರಂಥಾಲಯದ ಹೊಸ್ತಿಲನ್ನು ಎಂದೂ ತುಳಿಯದ ಗೃಹಸ್ಥನೂ ವರ್ಷಕ್ಕೆ 216 ರೂಪಾಯಿಯನ್ನು ಅದಕ್ಕಾಗಿ ಕೊಡುತ್ತಿರುವನೆಂಬುದು ಈ ಲೆಕ್ಕದಿಂದ ತಿಳಿಯುವುದು. ಕೊಟ್ಟ ಮೇಲೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿಬರುವುದು ಒಳ್ಳೆಯದು.

ಈಗ ದರವು ನೂರಕ್ಕೆ 20ರಷ್ಟು ಏರಿತೆಂದು ಭಾವಿಸಿರಿ. 2 ರೂಪಾಯಿ 2 ರೂಪಾಯಿ 40 ಪೈಸೆಯಾಗುವುದು. ಒಟ್ಟು ಕಂದಾಯ 5,356 ರೂಪಾಯಿ 80 ಪೈಸೆಯಾಗುವುದು. ಹೆಚ್ಚಿದುದು ವರ್ಷಕ್ಕೆ 892 ರೂಪಾಯಿ 80 ಪೈಸೆ. ತಿಂಗಳಿಗೆ ಸುಮಾರು 74 ರೂಪಾಯಿ. ‘ನೂರಕ್ಕೆ ಇಪ್ಪತ್ತು’ ಎಂಬ ಶಬ್ದವು ಕಿವಿಗೆ ಬಿದ್ದಾಗ ಎದೆಯು ಹಾರುವಷ್ಟು ಈ 74 ರೂಪಾಯಿಯನ್ನು ಕಂಡಾಗ ಹಾರಲಾರದು. ಇದೇನೂ ಕಡಿಮೆಯ ಹಣವೆಂದು ನನ್ನ ಅಭಿಪ್ರಾಯವಲ್ಲ; ಕೆಲವರ ಮನೆಯಲ್ಲಿ ಅದು ಒಂದು ದಿನದ ಅಡಿಗೆಯ ಖರ್ಚು. ಆದರೆ ಆಕ್ಷೇಪಿಸುವವನು ತಾನು ಆಕ್ಷೇಪಿಸುತ್ತಿರುವುದು 74 ರೂಪಾಯಿಯನ್ನೋ 740 ರೂಪಾಯಿಯನ್ನೋ ಎಂಬುದನ್ನಾದರೂ ಅರಿತಿರಬೇಡವೇ?

ವಾಸ್ತವವಾಗಿಯೂ 2016ರಲ್ಲಿ ಬೆಂಗಳೂರಿನ ದರಗಳು ಹೀಗೆಯೇ ಏರಿದುವು: ವಾಸದ ಮನೆಗಳಿಗೆ ನೂರಕ್ಕೆ 20, ಇತರ ಕಟ್ಟಡಗಳಿಗೆ 25. ಮೂರು ವರ್ಷಗಳಿಗೊಮ್ಮೆ ನೂರಕ್ಕೆ 15ರಷ್ಟು ಏರಿಸಬೇಕೆಂದು ಕಾನೂನಿನಲ್ಲಿಯೇ ಇದ್ದಿತು. ಅದರಂತೆ ನಡೆಯದೆ ಎಂಟು ವರ್ಷಗಳ ಕಾಲ ಸುಮ್ಮನಿದ್ದು ಒಮ್ಮೆಲೇ ಏರಿಸಿದುದರಿಂದ ಜನರಿಗೆ ಅದು ಭಾರವಾಗಿ ತೋರಿತು. ಈ ಎಂಟು ವರ್ಷಗಳಲ್ಲಿ ಡಾಂಬರಿನ ಬೆಲೆಯಾಗಲಿ ಪೌರಕಾರ್ಮಿಕರ ಸಂಬಳವಾಗಲಿ ನಿಂತಿರಲಿಲ್ಲ. ಕಂದಾಯವು ಎಂದೂ ಏರಕೂಡದೆನ್ನುವುದು ನ್ಯಾಯವಲ್ಲ. ಹಾಗೆಂದು ಬಹುಕಾಲ ಮಲಗಿದ್ದು ತಟ್ಟನೆ ಎದ್ದು ಕೈನೀಡುವುದೂ ನ್ಯಾಯವಲ್ಲ. ಸಣ್ಣ ಮೆಟ್ಟಿಲುಗಳನ್ನು ಮುದುಕರೂ ಹತ್ತಬಲ್ಲರು. ಎತ್ತರದ ಒಂದೇ ಮೆಟ್ಟಿಲಿನಲ್ಲಿ ಯುವಕರೂ ಎಡವುವರು.

ಅದೇ ಕಾಲದಲ್ಲಿ ಇನ್ನೊಂದು ತೊಡಕೂ ಉಂಟಾಯಿತು. ನೆಲದ ಬೆಲೆ ಬದಲಾದುದರಿಂದ ಹಲವು ಬೀದಿಗಳು ಒಂದು ವಲಯದಿಂದ ಇನ್ನೊಂದಕ್ಕೆ ಸೇರಿದುವು. ಅನೇಕರು ಇದನ್ನು ಗಮನಿಸದೆ ಹಳೆಯ ವಲಯದ ದರದಲ್ಲಿಯೇ ಕಟ್ಟುತ್ತ ಬಂದರು. ಪಾಲಿಕೆಯೂ ಅದನ್ನು ಸ್ವೀಕರಿಸಿ ರಸೀತಿಯನ್ನು ಕೊಡುತ್ತ ಬಂದಿತು. 2021ರಲ್ಲಿ ಸಾವಿರಾರು ಮನೆಗಳಿಗೆ ಹಿಂದಿನ ವರ್ಷಗಳ ವ್ಯತ್ಯಾಸವನ್ನೂ ಅದರ ಮೇಲಿನ ದಂಡವನ್ನೂ ಬಡ್ಡಿಯನ್ನೂ ಕೇಳಿ ನೋಟೀಸುಗಳು ಬಂದಾಗ ದೊಡ್ಡ ಗದ್ದಲವೆದ್ದಿತು. ತನ್ನ ಬೀದಿಯು ಯಾವ ವಲಯದಲ್ಲಿದೆ, ತನ್ನ ಮನೆಯ ಅಳತೆ ಎಷ್ಟು, ದಾಖಲೆಯಲ್ಲಿ ಎಷ್ಟೆಂದು ಬರೆದಿದೆ ಎಂಬ ಮೂರು ಸಂಗತಿಗಳನ್ನು ಅರಿಯದ ಗೃಹಸ್ಥನು ಪರರ ಲೆಕ್ಕಕ್ಕೆ ತಲೆಗೊಟ್ಟು ಕುಳಿತವನು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇನ್ನು ಈಚಿನ ಸಂಗತಿಗೆ ಬರೋಣ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಪಾಲಿಕೆಯು ಒಂದು ಕರಡನ್ನು ಹೊರಡಿಸಿತು. ಆರು ವಲಯಗಳ ಪದ್ಧತಿಯನ್ನು ಬಿಟ್ಟು, ಆಸ್ತಿಯ ಮಾರ್ಗಸೂಚಿ ಬೆಲೆಯ ಮೇಲೆ ಕಂದಾಯವನ್ನು ಕಟ್ಟುವ ಕ್ರಮವನ್ನು ಏಪ್ರಿಲ್ ತಿಂಗಳಿಂದ ತರಬೇಕೆಂಬುದು ಅದರ ಸಾರ. ಸಾರ್ವಜನಿಕರ ಆಕ್ಷೇಪಣೆಗಳನ್ನೂ ಅದರಲ್ಲಿ ಕೇಳಿದ್ದಿತು. ಮಾರ್ಗಸೂಚಿ ಬೆಲೆಯೆಂದರೆ ಕ್ರಯಪತ್ರಗಳ ನೋಂದಣಿಗಾಗಿ ಮುದ್ರಾಂಕ ಮತ್ತು ನೋಂದಣಿ ಇಲಾಖೆಯು ಬೀದಿ ಬೀದಿಗೂ ಗೊತ್ತುಮಾಡುವ ಬೆಲೆ. 2023ರ ಅಕ್ಟೋಬರ್ 1ರಿಂದ ಆ ಬೆಲೆಗಳನ್ನು ರಾಜ್ಯದಲ್ಲೆಲ್ಲ ಹೆಚ್ಚಿಸಿದ್ದರು. ಅದು ನಡೆದು ಐದು ತಿಂಗಳು ಕಳೆಯುವುದರೊಳಗೆ ಈ ಕರಡು ಬಂದುದರಿಂದ ಜನರಿಗೆ ದಿಗಿಲಾದುದು ಸಹಜ.

ಈ ಕ್ರಮದ ಪರವಾಗಿಯೂ ಹೇಳತಕ್ಕ ಮಾತುಂಟು. ಆರು ವಲಯಗಳಲ್ಲಿ ಇಡೀ ನಗರವನ್ನು ತುಂಬಿದರೆ, ಹೆದ್ದಾರಿಯ ಮೇಲಿನ ಭಾರೀ ಸೌಧವೂ ಅದೇ ವಲಯದ ಸಂದಿಯೊಳಗಿನ ಸಣ್ಣ ಮನೆಯೂ ಚದರ ಅಡಿಗೆ ಒಂದೇ ದರವನ್ನು ತೆರುವಂತಾಗಬಹುದು. ಬೀದಿಬೀದಿಯ ಬೆಲೆಯನ್ನು ಹಿಡಿದರೆ ಬಲವುಳ್ಳವನು ಹೆಚ್ಚು, ಬಲವಿಲ್ಲದವನು ಕಡಿಮೆ ಕೊಡುವನೆಂದು ವಾದಿಸಬಹುದು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ನೆಲದ ಬೆಲೆಯೂ ಮನೆಯೊಡೆಯನ ಬಲವೂ ಒಂದೇ ಎನ್ನುವುದಕ್ಕಾಗುವುದೇ? ಇಲ್ಲಿಯೇ ತೊಡಕಿರುವುದು.

ಆ ದಿನಗಳಲ್ಲಿ ನಮ್ಮ ಬೀದಿಯ ವೃದ್ಧೆಯೊಬ್ಬರು ವೃತ್ತಪತ್ರಿಕೆಯನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು.

“ಮೇಷ್ಟ್ರೇ, ನಮ್ಮ ಯಜಮಾನರು ಈ ಜಾಗಕ್ಕೆ ಕೊಟ್ಟದ್ದು ಹದಿನೆಂಟು ಸಾವಿರ. ಈಗ ಕೋಟಿಯ ಹತ್ತಿರ ಬಾಳುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಆ ಕೋಟಿ ಇರುವುದು ನೆಲದಲ್ಲಿ. ನನ್ನ ಕೈಗೆ ಬರುವುದು ಅವರ ಪಿಂಚಣಿಯ ಅರ್ಧ. ನೆಲವನ್ನು ಕೆತ್ತಿ ಕಂದಾಯ ಕಟ್ಟಲೇ?”

“ಅಮ್ಮಾ, ಈ ಮಾತನ್ನೇ ಬರೆದುಕೊಡಿ” ಎಂದೆನು.

“ಬರೆದರೆ ಯಾರು ಓದುತ್ತಾರೆ, ಮೇಷ್ಟ್ರೇ?”

“ಓದುವರೋ ಇಲ್ಲವೋ ಹೇಳಲಾರೆ. ಬರೆಯದ ಕಾಗದವನ್ನಂತೂ ಯಾರೂ ಓದಲಾರರು.”

ಆಕೆಯ ಮಾತಿನಲ್ಲಿ ಈ ವಿಷಯದ ತಿರುಳೇ ಅಡಗಿದೆ. ಮನೆಯನ್ನು ಮಾರುವವನಿಗೆ ನೆಲದ ಬೆಲೆ ಏರಿದರೆ ಲಾಭ. ಮಾರದೆ ಅದರಲ್ಲಿಯೇ ಬಾಳಿ, ಅದರಲ್ಲಿಯೇ ಕಣ್ಣುಮುಚ್ಚಬೇಕೆಂದಿರುವವನಿಗೆ ಆ ಏರಿಕೆಯು ಕಾಗದದ ಮೇಲಿನ ಐಶ್ವರ್ಯ. ಲೆಕ್ಕಕ್ಕಾಗಿ, ಹಿಂದೆ ಹೇಳಿದ 1,000 ಚದರ ಅಡಿಯ ಮನೆಗೂ ಅದರ ನೆಲಕ್ಕೂ ಸೇರಿ 80 ಲಕ್ಷ ರೂಪಾಯಿಯ ಬೆಲೆಯನ್ನು ಕಟ್ಟಿ, ಸಾವಿರಕ್ಕೆ ಒಂದು ರೂಪಾಯಿಯಂತೆ ಕಂದಾಯವನ್ನು ಹಾಕಿದರೆಂದು ಊಹಿಸಿರಿ. ಕಂದಾಯ 8,000, ಮೇಲಿನ ಕರಗಳು ಹಿಂದಿನಂತೆಯೇ ಎಂದರೆ 1,920, ಒಟ್ಟು 9,920 ರೂಪಾಯಿ. ಮೊದಲಿನ 4,464ರ ಎರಡರಷ್ಟಕ್ಕಿಂತಲೂ ಹೆಚ್ಚು. ಮನೆ ಅದೇ, ಬೀದಿ ಅದೇ, ಪಿಂಚಣಿಯೂ ಅದೇ. ಅಳೆಯುವ ಕೋಲು ಮಾತ್ರ ಬೇರೆ. ದರವು ಏರಿತೋ ಇಲ್ಲವೋ ಎಂಬುದಕ್ಕಿಂತಲೂ ಅಳತೆಗೋಲು ಬದಲಾಯಿತೋ ಎಂಬುದನ್ನು ಮೊದಲು ನೋಡಬೇಕೆಂಬುದಕ್ಕೆ ಇದೇ ಕಾರಣ.

ಇನ್ನೊಂದು ಸೂಕ್ಷ್ಮವೂ ಉಂಟು. ಮಾರ್ಗಸೂಚಿ ಬೆಲೆಯನ್ನು ಗೊತ್ತುಮಾಡುವುದು ಪಾಲಿಕೆಯಲ್ಲ, ಬೇರೊಂದು ಇಲಾಖೆ. ಅದರ ಉದ್ದೇಶವು ನೋಂದಣಿಯ ಶುಲ್ಕ. ಕಂದಾಯವನ್ನು ಅದಕ್ಕೆ ಕಟ್ಟಿಹಾಕಿದರೆ, ಆ ಇಲಾಖೆ ಬೆಲೆಯನ್ನು ಪರಿಷ್ಕರಿಸಿದಾಗಲೆಲ್ಲ, ಪಾಲಿಕೆಯು ಬಾಯಿ ತೆರೆಯದಿದ್ದರೂ, ಮನೆಗಂದಾಯವು ತಾನಾಗಿಯೇ ಏರುವುದು. ಬೆಲೆ ಏರಿದಾಗ ಕಂದಾಯದ ದರವನ್ನು ತಗ್ಗಿಸುವ ಅಥವಾ ವರ್ಷದ ಏರಿಕೆಗೆ ಒಂದು ಮಿತಿಯನ್ನು ಇಡುವ ಏರ್ಪಾಡನ್ನು ಕೇಳುವುದು ಯುಕ್ತವಾದ ಆಕ್ಷೇಪಣೆ. ‘ಇದು ಸುಲಿಗೆ’ ಎಂದು ಬರೆಯುವುದಕ್ಕಿಂತ ಇದನ್ನು ಬರೆದರೆ ಉತ್ತರಿಸುವವನಿಗೆ ಹೆಚ್ಚು ಕಷ್ಟವಾಗುವುದು.

ಆಕ್ಷೇಪಣೆಯನ್ನು ಕೇಳುವುದು ಸರ್ಕಾರದ ದಾಕ್ಷಿಣ್ಯವೆಂದು ಕೆಲವರು ತಿಳಿದಿರುವರು. ಹಾಗಲ್ಲ. ನಿಯಮವನ್ನು ಮಾಡುವುದಕ್ಕೆ ಮುಂಚೆ ಅದನ್ನು ಪ್ರಕಟಿಸಬೇಕೆಂದು ಒಂದು ಶಾಸನವು ವಿಧಿಸಿದಾಗ ಹೇಗೆ ನಡೆಯತಕ್ಕದ್ದೆಂಬುದನ್ನು 1897ರ ಜನರಲ್ ಕ್ಲಾಸಸ್ ಆಕ್ಟಿನ 23ನೆಯ ಪ್ರಕರಣವು ಹೇಳುವುದು: ಕರಡನ್ನು ಪ್ರಕಟಿಸಬೇಕು, ಅದನ್ನು ವಿಚಾರಕ್ಕೆ ತೆಗೆದುಕೊಳ್ಳುವ ದಿನವನ್ನು ಹೆಸರಿಸಬೇಕು, ಆ ದಿನದೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ಪರ್ಯಾಲೋಚಿಸಬೇಕು. ಇದು ಕೇಂದ್ರದ ಶಾಸನಗಳಿಗೆ ಅನ್ವಯಿಸುವುದು. ರಾಜ್ಯಗಳ ಕಾನೂನುಗಳಲ್ಲಿಯೂ ಇದೇ ತತ್ತ್ವವುಂಟು. ಪರ್ಯಾಲೋಚಿಸುವುದೆಂದರೆ ಒಪ್ಪುವುದೆಂದು ಅರ್ಥವಲ್ಲ. ಓದಿ, ತೂಗಿ, ತೀರ್ಮಾನಿಸುವುದೆಂದು ಅರ್ಥ. ತೂಗುವುದಕ್ಕೆ ತೂಕವುಳ್ಳ ಪದಾರ್ಥ ಬೇಕಷ್ಟೆ. ಆ ಪದಾರ್ಥವನ್ನು ಒದಗಿಸಬೇಕಾದವರು ನಾವು.

ಬೆಂಗಳೂರಿನ ಮಟ್ಟಿಗೆ 2024ರಲ್ಲಿ ಈ ಕಾಗದಕ್ಕೆ ಇನ್ನೂ ಹೆಚ್ಚಿನ ಬೆಲೆಯಿದ್ದಿತು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿಯೇ ಮುಗಿದಿದ್ದಿತು; ಮತ್ತೆ ಚುನಾವಣೆ ನಡೆದಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು ‘ನಮ್ಮ ವಾರ್ಡಿನ ಜನ ಇದನ್ನು ತಾಳಲಾರರು’ ಎಂದು ಹೇಳತಕ್ಕ ಸದಸ್ಯನೊಬ್ಬನೂ ಇರಲಿಲ್ಲ. ನಮ್ಮ ಪರವಾಗಿ ಮಾತನಾಡುವವನು ಇಲ್ಲದಿದ್ದಾಗ ನಮ್ಮ ಕಾಗದವೇ ನಮ್ಮ ಪ್ರತಿನಿಧಿ.

ಕಾಗದವನ್ನು ಅಲ್ಪವೆಂದು ಭಾವಿಸುವವರಿಗೆ ಕಾಶಿಯ ಒಂದು ಹಳೆಯ ಕಥೆಯನ್ನು ನೆನಪುಮಾಡಿಕೊಡುವುದು ಉಚಿತ. 1810ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸರ್ಕಾರವು ಆ ವರ್ಷದ 15ನೆಯ ರೆಗ್ಯುಲೇಷನ್ನಿನ ಮೂಲಕ ಕಾಶಿ ಮೊದಲಾದ ನಗರಗಳ ಮೇಲೆ ಮನೆತೆರಿಗೆಯನ್ನು ವಿಧಿಸಿತು: ವಾಸದ ಮನೆಗೆ ವಾರ್ಷಿಕ ಬಾಡಿಗೆಯ ನೂರಕ್ಕೆ 5, ಅಂಗಡಿಗೆ 10. ಅಲ್ಲಿ ಮುಂಚಿತವಾಗಿ ಕರಡೂ ಇಲ್ಲ, ಆಕ್ಷೇಪಣೆಯ ಅವಧಿಯೂ ಇಲ್ಲ. ಡಿಸೆಂಬರಿನಲ್ಲಿ ಕಾಶಿಯ ಜನರು ಅಂಗಡಿಗಳನ್ನು ಮುಚ್ಚಿದರು. ಕಮ್ಮಾರರು, ನೇಕಾರರು, ಕ್ಷೌರಿಕರು, ದೋಣಿಯವರು ಕೆಲಸವನ್ನು ನಿಲ್ಲಿಸಿದರು. ಸಾವಿರಾರು ಜನರು ಮನೆಗಳನ್ನು ಬಿಟ್ಟು ಬಯಲಿನಲ್ಲಿ ಹೋಗಿ ಕುಳಿತರು. ಹಿಂದೂಗಳೂ ಮುಸಲ್ಮಾನರೂ ಅದರಲ್ಲಿ ಕೂಡಿದ್ದರು.

ಗಮನಿಸತಕ್ಕ ವಿಷಯವೇನೆಂದರೆ, ಅವರು ಸುಮ್ಮನೆ ಕುಳಿತಿರಲಿಲ್ಲ. ಅರ್ಜಿಗಳನ್ನೂ ಬರೆದು ಕೊಟ್ಟರು. ಮುದ್ರಾಂಕದ ಶುಲ್ಕ, ನ್ಯಾಯಾಲಯದ ಶುಲ್ಕ, ಸರಕಿನ ಸುಂಕಗಳಿಂದ ಆಗಲೇ ಬಡವರೂ ಬಲ್ಲಿದರೂ ಬಳಲಿರುವರೆಂದೂ, ಅದರ ಮೇಲೆ ಈ ತೆರಿಗೆಯೂ ಸೇರಿದರೆ ಜೀವನವು ದುಸ್ತರವಾಗುವುದೆಂದೂ ಕಾರಣ ಸಹಿತವಾಗಿ ವಾದಿಸಿದರು. ಅಧಿಕಾರಿಗಳು ಆ ಅರ್ಜಿಗಳನ್ನು ಮೊದಲು ತಿರಸ್ಕರಿಸಿದರು. ಆದರೆ ಕೊನೆಗೆ ಆ ತೆರಿಗೆಯನ್ನೇ ಕೈಬಿಡಬೇಕಾಯಿತು. ಈ ವೃತ್ತಾಂತದ ಸರ್ಕಾರಿ ಕಾಗದಗಳನ್ನು ಧರಂಪಾಲರು 1971ರಲ್ಲಿ ಪುಸ್ತಕವಾಗಿ ಪ್ರಕಟಿಸಿರುವರು. ಕಾಶಿಯವರು ಚಳಿಗಾಲದ ಬಯಲಿನಲ್ಲಿ ಕುಳಿತು ಪಡೆಯಬೇಕಾದ ಹಕ್ಕನ್ನು ನಾವು ಮನೆಯ ಮೇಜಿನ ಬಳಿ ಕುಳಿತು ಪಡೆದಿರುವೆವು. ಅದನ್ನು ಬಳಸದಿರುವುದು ವಿವೇಕವೇ?

ಹಾಗಾದರೆ ಆಕ್ಷೇಪಣೆಯನ್ನು ಬರೆಯುವುದು ಹೇಗೆ? ನಮ್ಮ ಬೀದಿಯ ಆ ವೃದ್ಧೆಯ ಕಾಗದವನ್ನೇ ಮಾದರಿಯಾಗಿ ಹೇಳುವೆನು. ಆಕೆ ಹೇಳಿದಂತೆ ನಾನು ಬರೆದುಕೊಟ್ಟುದು ಅದು. ಮೊದಲು ಕರಡಿನ ಸಂಖ್ಯೆ, ದಿನಾಂಕ; ಬಳಿಕ ಆಕೆಯ ಹೆಸರು, ಮನೆಯ ವಿಳಾಸ, ಆಸ್ತಿಯ ಸಂಖ್ಯೆ. ಎರಡನೆಯದಾಗಿ, ಮನೆಯ ಅಳತೆ, ಕಟ್ಟಿದ ವರ್ಷ, ತಾನೇ ವಾಸಿಸುತ್ತಿರುವುದು, ಬಾಡಿಗೆಯ ವರಮಾನ ಇಲ್ಲದಿರುವುದು. ಮೂರನೆಯದಾಗಿ, ಹಿಂದಿನ ವರ್ಷ ಕಟ್ಟಿದ ಕಂದಾಯವೆಷ್ಟು, ಹೊಸ ಕ್ರಮದಲ್ಲಿ ತನ್ನ ಲೆಕ್ಕದಂತೆ ಎಷ್ಟಾಗುವುದು, ಅದು ತನ್ನ ಪಿಂಚಣಿಯ ಎಷ್ಟು ದಿನಗಳ ಹಣ. ನಾಲ್ಕನೆಯದಾಗಿ, ತಾನು ಕೇಳುವುದೇನು. ಅವರು ಕೇಳಿದುದು ಮೂರೇ: ಸ್ವಂತ ವಾಸದ ಹಳೆಯ ಮನೆಗೆ ಕಡಿಮೆಯ ದರವಿರಲಿ; ಒಂದು ವರ್ಷದಲ್ಲಿ ಇಷ್ಟಕ್ಕಿಂತ ಹೆಚ್ಚು ಏರಕೂಡದೆಂಬ ಮಿತಿಯಿರಲಿ; ಪಿಂಚಣಿಯಿಂದ ಬಾಳುವವರು ಕಂತುಗಳಲ್ಲಿ ಕಟ್ಟುವಾಗ ದಂಡವಿಲ್ಲದಿರಲಿ. ಎಲ್ಲವೂ ಸೇರಿ ಒಂದು ಪುಟ. ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಂಡು, ಮುಟ್ಟಿದುದಕ್ಕೆ ಸ್ವೀಕೃತಿಯನ್ನು ಪಡೆದುದಾಯಿತು. ‘ಕಂದಾಯ ಕೊಡೆನು’ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ; ಆಕೆಯ ಮನಸ್ಸಿನಲ್ಲಿಯೂ ಇರಲಿಲ್ಲ. ಬೀದಿ ಗುಡಿಸುವ ಹೆಂಗಸಿಗೆ ಸಂಬಳ ಸಿಕ್ಕಬೇಕೆಂಬುದನ್ನು ಆಕೆಯೇ ನನಗೆ ಎರಡು ಸಲ ಹೇಳಿದರು.

ಒಂದೇ ಮಾತನ್ನು ಅಚ್ಚುಹಾಕಿಸಿ ನೂರು ಜನರು ರುಜುಮಾಡಿದ ಕಾಗದಗಳಿಗೂ ಬೆಲೆಯುಂಟು. ಜನಾಭಿಪ್ರಾಯದ ಬಲವನ್ನು ಅವು ತೋರಿಸುವುವು. ಆದರೆ ನೂರು ಮನೆಗಳಿಂದ ನೂರು ಬಗೆಯ ಲೆಕ್ಕಗಳು ಬಂದರೆ, ಕರಡನ್ನು ಬರೆದವರಿಗೆ ತೋರದಿದ್ದ ತೊಡಕುಗಳು ಅದರಿಂದ ತೋರುವುವು. ಒಬ್ಬರ ಮನೆಯಲ್ಲಿ ಮಹಡಿ ಖಾಲಿ ಬಿದ್ದಿರುವುದು. ಇನ್ನೊಬ್ಬರ ಮನೆ ಅಣ್ಣತಮ್ಮಂದಿರ ಪಾಲಿನಲ್ಲಿ ಹರಿದಿರುವುದು. ಮತ್ತೊಬ್ಬರು ಮುಂದಿನ ಕೋಣೆಯಲ್ಲಿ ಹೊಲಿಗೆಯ ಯಂತ್ರವನ್ನು ಇಟ್ಟುಕೊಂಡಿರುವರು. ಅದು ವಾಸದ ಮನೆಯೋ ವ್ಯಾಪಾರದ ಸ್ಥಳವೋ? ಇಂಥ ಪ್ರಶ್ನೆಗಳು ಕಛೇರಿಯಲ್ಲಿ ಹುಟ್ಟುವುದಿಲ್ಲ, ಮನೆಗಳಲ್ಲಿ ಹುಟ್ಟುವುವು.

ಬಾಡಿಗೆಯ ಮನೆಯಲ್ಲಿರುವವರು ‘ಇದು ಮಾಲೀಕರ ವಿಷಯ’ ಎಂದು ಸುಮ್ಮನಿರುವುದೂ ಸರಿಯಲ್ಲ. ಬಾಡಿಗೆಯ ಮನೆಗೆ ದರವು ಸ್ವಂತ ವಾಸದ ಇಮ್ಮಡಿ ಎಂಬುದನ್ನು ಮೇಲೆ ಹೇಳಿದೆ. ಏರಿದ ಕಂದಾಯವನ್ನು ಮಾಲೀಕನು ತನ್ನ ಜೇಬಿನಿಂದಲೇ ಕೊಡುವನೆಂದು ನಂಬುವವರು ಬಹಳ ಇರಲಾರರು. ಮುಂದಿನ ಕರಾರಿನಲ್ಲಿ ಅದು ಬಾಡಿಗೆಯೊಳಗೆ ಸೇರಿಕೊಳ್ಳಬಹುದು. ಆದುದರಿಂದ ಅವರ ಕೈಯಲ್ಲಿಯೂ ಲೇಖನಿ ಇರಬೇಕು.

ಈ ಕಾರ್ಯಕ್ಕೆ ಮನೆಯಲ್ಲಿ ಎಲ್ಲರಿಗಿಂತಲೂ ತಕ್ಕವರು ಗೃಹಿಣಿಯರು ಎಂಬುದು ನನ್ನ ಎಣಿಕೆ. ಹಾಲಿನ ಲೆಕ್ಕ, ದಿನಸಿಯ ಲೆಕ್ಕ, ಮಕ್ಕಳ ಶಾಲೆಯ ಶುಲ್ಕ, ಅಜ್ಜನ ಔಷಧಿ, ಇವೆಲ್ಲ ಅವರ ನೆನಪಿನಲ್ಲಿರುವುವು. ಬೀದಿಯ ದೀಪ ಎಷ್ಟು ದಿನಗಳಿಂದ ಉರಿದಿಲ್ಲ, ಕಸದ ಗಾಡಿ ವಾರದಲ್ಲಿ ಎಷ್ಟು ದಿನ ಬರುವುದು, ಮಳೆ ಬಂದಾಗ ಚರಂಡಿಯ ನೀರು ಯಾವ ಮನೆಯೊಳಕ್ಕೆ ನುಗ್ಗುವುದು ಎಂಬುದೂ ಅವರಿಗೇ ಚೆನ್ನಾಗಿ ಗೊತ್ತು. ದಿನಾಂಕ ಸಹಿತವಾಗಿ ಇಂಥ ಎರಡು ಸಂಗತಿಗಳನ್ನು ಬರೆದರೆ, ಕೊಟ್ಟುದಕ್ಕೆ ತಕ್ಕ ಸೇವೆ ದೊರೆಯುತ್ತಿದೆಯೋ ಎಂಬ ಪ್ರಶ್ನೆಗೆ ಅದಕ್ಕಿಂತ ಬಲವಾದ ಸಾಕ್ಷ್ಯವಿರಲಾರದು. ಕಾಲೇಜಿನಲ್ಲಿ ಓದುವ ಮಕ್ಕಳು ಲೆಕ್ಕವನ್ನು ಪರೀಕ್ಷಿಸಲಿ. ಹಿರಿಯರು ಹಳೆಯ ರಸೀತಿಗಳನ್ನು ಹುಡುಕಿಕೊಡಲಿ. ಒಂದು ಭಾನುವಾರದ ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಿದು.

ಇಷ್ಟರಿಂದ ಕೇಳುವವರ ಕರ್ತವ್ಯ ಮುಗಿಯಿತೆಂದು ಅರ್ಥವಲ್ಲ. ಕೇಳಿಸಿಕೊಳ್ಳುವವರ ಕರ್ತವ್ಯವೂ ಉಂಟು. ಹದಿನೈದು ದಿನಗಳ ಅವಧಿಯನ್ನು ಕೊಟ್ಟು, ಸಾಮಾನ್ಯರಿಗೆ ತಿಳಿಯದ ಭಾಷೆಯಲ್ಲಿ ಕರಡನ್ನು ಬರೆದು, ಬಂದ ಕಾಗದಗಳನ್ನು ಕಟ್ಟಿ ಕಪಾಟಿನಲ್ಲಿಟ್ಟರೆ ಅದು ಕೇಳಿದಂತಾಗಲಿಲ್ಲ. ಪ್ರತಿಯೊಂದು ಬಗೆಯ ಮನೆಗೂ ಹಳೆಯ ಕಂದಾಯವೆಷ್ಟು, ಹೊಸ ಕಂದಾಯವೆಷ್ಟು ಎಂಬ ಒಂದು ಪಟ್ಟಿಯನ್ನು ಕರಡಿನೊಡನೆ ಕೊಡಬೇಕು. ಹೆಚ್ಚಿದ ಹಣವು ಯಾವ ಕೆಲಸಕ್ಕೆ ಹೋಗುವುದೆಂದು ಹೇಳಬೇಕು. ಅವಧಿ ಮುಗಿದ ಮೇಲೆ ಎಷ್ಟು ಆಕ್ಷೇಪಣೆಗಳು ಬಂದುವು, ಯಾವುದನ್ನು ಒಪ್ಪಿದೆವು, ಯಾವುದನ್ನು ಯಾವ ಕಾರಣದಿಂದ ಬಿಟ್ಟೆವು ಎಂದು ಪ್ರಕಟಿಸಬೇಕು. ಇದು ಕೇವಲ ಸದಾಶಯವಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣವು, ಜನರಿಗೆ ಸಂಬಂಧಿಸಿದ ಮುಖ್ಯ ತೀರ್ಮಾನಗಳ ವಿಷಯದಲ್ಲಿ ಸ್ಥಿತಿಗತಿಗಳನ್ನು ಪ್ರಕಟಿಸಬೇಕೆಂದೂ, ತೀರ್ಮಾನದಿಂದ ಬಾಧಿತರಾದವರಿಗೆ ಕಾರಣವನ್ನು ತಿಳಿಸಬೇಕೆಂದೂ ಹೇಳಿದೆ. ಉತ್ತರ ಬಾರದಿದ್ದರೆ ಆ ಕಾಯಿದೆಯಂತೆ ಕೇಳುವ ಹಕ್ಕು ಪ್ರತಿಯೊಬ್ಬ ಪೌರನಿಗೂ ಇದೆ.

2024ರ ಆ ಕರಡು ಏಪ್ರಿಲ್ ತಿಂಗಳಲ್ಲಿ ಜಾರಿಗೆ ಬರಲಿಲ್ಲ. 2024–25ರಲ್ಲಿಯೂ ಹಳೆಯ ಪದ್ಧತಿಯೇ ಮುಂದುವರಿಯಿತು. ಅದು ಲೋಕಸಭೆಯ ಚುನಾವಣೆಯ ಕಾಲವೂ ಆಗಿದ್ದಿತು. ಆದುದರಿಂದ ಜನರ ಕಾಗದಗಳಿಂದಲೇ ಅದು ನಿಂತಿತೆಂದು ಬೀಗುವುದು ತಪ್ಪಾದೀತು. ನಿಂತ ಕರಡು ಮತ್ತೊಂದು ವೇಷದಲ್ಲಿ ಬರಬಹುದು. ಬೆಂಗಳೂರಿನಲ್ಲಿ ಬಾರದಿದ್ದರೆ ಇನ್ನೊಂದು ಊರಿನಲ್ಲಿ ಬಂದೀತು. ನಗರವು ಬೆಳೆಯುವವರೆಗೂ ಅದರ ಖರ್ಚೂ ಬೆಳೆಯುವುದು. ಖರ್ಚು ಬೆಳೆಯುವವರೆಗೂ ಕಂದಾಯದ ಪ್ರಶ್ನೆ ಏಳುತ್ತಲೇ ಇರುವುದು.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಪೆಟ್ಟಿಗೆಯಿಂದ ನಿಮ್ಮ ಮನೆಯ ಕಂದಾಯದ ರಸೀತಿಯನ್ನು ತೆಗೆಯಿರಿ. ಅದರಲ್ಲಿ ಬರೆದಿರುವ ಅಳತೆಯನ್ನು ಮನೆಯ ನಕ್ಷೆಯೊಡನೆ ಹೋಲಿಸಿ ನೋಡಿರಿ. ನಿಮ್ಮ ಬೀದಿಗೆ ಯಾವ ದರವೆಂದು ವಿಚಾರಿಸಿರಿ. ಲೆಕ್ಕವನ್ನು ಒಮ್ಮೆ ನಿಮ್ಮ ಕೈಯಿಂದಲೇ ಮಾಡಿ ಒಂದು ಹಾಳೆಯಲ್ಲಿ ಬರೆದು ರಸೀತಿಯ ಜೊತೆಯಲ್ಲಿಯೇ ಇಡಿರಿ. ಕರಡು ಬಂದ ದಿನ ಆ ಹಾಳೆ ಸಿದ್ಧವಾಗಿದ್ದರೆ, ಹದಿನೈದು ದಿನಗಳ ಅವಧಿಯೂ ಸಾಕಾದಷ್ಟು ದೀರ್ಘವಾಗಿ ಕಾಣುವುದು.